ಮಂಡಿ ಸವೆತ: ನೋವಿನ ನಿರ್ವಹಣೆ ಮತ್ತು ಓಡಾಟ

ಮಂಡಿ ಸವೆತವೆಂದರೆ ಮೊಣಕಾಲಿನ ಕೀಲಿನಲ್ಲಿ ಮೂಳೆಗಳ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ ತೆಳುವಾಗುತ್ತ, ಅದರ ಅಡಿಯ ಮೂಳೆ ಗಡುಸಾಗುತ್ತ, ಅಂಚಿನಲ್ಲಿ ಹೊಸ ಮೂಳೆ ಮುಳ್ಳಿನಂತೆ ಚಾಚುತ್ತ, ಒಳಪೊರೆ ಆಗಾಗ ಊದಿಕೊಳ್ಳುತ್ತ ಹೋಗುವ ದೀರ್ಘಕಾಲದ ಕಾಯಿಲೆ. ವೈದ್ಯರು ಇದನ್ನು ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತಾರೆ. ಕನ್ನಡದ ವೈದ್ಯ ಬರಹಗಳಲ್ಲಿ ಅಸ್ಥಿಸಂಧಿವಾತ ಎಂಬ ಹೆಸರಿದೆ. ಜನರ ಬಾಯಲ್ಲಿ ಮಂಡಿ ನೋವು, ಕೀಲು ನೋವು. ಧಾರವಾಡದ ಕಡೆ ಮೊಣಕಾಲ ಬ್ಯಾನಿ. ‘ಸಂಧಿವಾತ’ ಎಂಬ ಒಂದೇ ಮಾತನ್ನು ಇದಕ್ಕೂ ರುಮಟಾಯ್ಡ್ ಆರ್ಥ್ರೈಟಿಸಿಗೂ ಬಳಸುವ ರೂಢಿಯಿಂದ ಸಾಕಷ್ಟು ಗೊಂದಲವಾಗಿದೆ. ಎರಡೂ ಬೇರೆ ಕಾಯಿಲೆಗಳು, ಚಿಕಿತ್ಸೆಯೂ ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಾದ್ಯಂತ 52.8 ಕೋಟಿ ಜನರಿಗೆ ಅಸ್ಥಿಸಂಧಿವಾತವಿತ್ತು, ಅವರಲ್ಲಿ 36.5 ಕೋಟಿ ಜನರಿಗೆ ನೋಯುತ್ತಿದ್ದುದು ಮಂಡಿ. ಪೀಡಿತರಲ್ಲಿ ಹೆಂಗಸರ ಪಾಲು ಶೇ. 60. ಭಾರತದಲ್ಲಿ ಆಗ್ರಾ, ಡೆಹ್ರಾಡೂನ್, ಕೋಲ್ಕತ್ತ, ಪುಣೆ ಮತ್ತು ಬೆಂಗಳೂರು ಪ್ರದೇಶಗಳಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಅದಕ್ಕೆ ಒಳಗಾದವರಲ್ಲಿ ಶೇ. 28.7 ಜನರಿಗೆ ಮಂಡಿಯ ಅಸ್ಥಿಸಂಧಿವಾತವಿದೆ ಎಂದಿತು. ಮದುವೆ ಮನೆಯಲ್ಲಿ ನೆಲದ ಪಂಕ್ತಿ ಹೋಗಿ ಮೇಜು ಕುರ್ಚಿ ಬಂದದ್ದು, ದೇವಸ್ಥಾನದ ಪ್ರಾಂಗಣದಲ್ಲೂ ಪ್ಲಾಸ್ಟಿಕ್ ಕುರ್ಚಿಗಳ ಸಾಲು ಕಾಣಿಸತೊಡಗಿದ್ದು ಈ ಅಂಕಿಯ ಇನ್ನೊಂದು ರೂಪ.

‘ಸವೆತ’ ಎಂಬ ಮಾತು

ಈ ಕಾಯಿಲೆಯ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲಿ ಅರ್ಧಪಾಲು ಅದರ ಹೆಸರಿನಿಂದಲೇ ಹುಟ್ಟಿದ್ದು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ‘ಸವೆದುಹೋಗಿದೆ, ಗ್ಯಾಪ್ ಉಳಿದಿಲ್ಲ’ ಎಂದ ಗಳಿಗೆಯಿಂದ ರೋಗಿಯ ಕಣ್ಣ ಮುಂದೆ ಸ್ಕೂಟರಿನ ಟೈರು, ಚಪ್ಪಲಿಯ ಅಟ್ಟೆ ಸುಳಿಯತೊಡಗುತ್ತವೆ. ಟೈರು ಓಡಿದಷ್ಟೂ ಸವೆಯುತ್ತದೆ. ಹಾಗಾದರೆ ಮಿಕ್ಕಿರುವಷ್ಟನ್ನು ಕಾಪಾಡಿಕೊಳ್ಳುವುದೇ ಜಾಣತನವೆಂದು ಯಾರಿಗಾದರೂ ಅನಿಸುತ್ತದೆ. ಬೆಳಗಿನ ವಾಕಿಂಗ್ ನಿಲ್ಲುತ್ತದೆ, ಮಹಡಿ ಹತ್ತುವುದು ನಿಲ್ಲುತ್ತದೆ, ಸಂತೆಗೆ ಹೋಗುವುದು ಮಗನ ಪಾಲಿಗೆ ಬರುತ್ತದೆ. ಆರು ತಿಂಗಳಲ್ಲಿ ತೊಡೆ ಸೊರಗಿ, ತೂಕ ಏರಿ, ನೋವು ಮೊದಲಿಗಿಂತ ಹೆಚ್ಚಾಗಿರುತ್ತದೆ. ಸವೆತ ಜಾಸ್ತಿಯಾಯಿತೆಂದು ಮನೆಯವರು ಇನ್ನಷ್ಟು ಕೂರಿಸುತ್ತಾರೆ.

ಜೀವವಿರುವ ಕೀಲಿನ ಲೆಕ್ಕ ಬೇರೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಪೋಷಣೆ ಬರುವುದು ಸುತ್ತಲಿನ ಕೀಲುರಸದಿಂದ, ಅದೂ ನೆನೆದ ಸ್ಪಂಜನ್ನು ಒತ್ತಿ ಬಿಟ್ಟ ಹಾಗೆ. ಹೆಜ್ಜೆ ಊರಿದಾಗ ಮೃದ್ವಸ್ಥಿ ಅದುಮಿ ದ್ರವ ಹೊರಬರುತ್ತದೆ, ಎತ್ತಿದಾಗ ಒಳಗೆ ಹೀರಿಕೊಳ್ಳುತ್ತದೆ. ನಡೆಯದ ಕಾಲಿನ ಮೃದ್ವಸ್ಥಿಗೆ ಈ ಊಟ ತಪ್ಪುತ್ತದೆ. ಸೊಂಟ ಮತ್ತು ಮಂಡಿಯ ಅಸ್ಥಿಸಂಧಿವಾತದ ಬಗ್ಗೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಬಂದ ವಿಶ್ಲೇಷಣೆಯೊಂದರಲ್ಲಿ ಹವ್ಯಾಸಕ್ಕಾಗಿ ಓಡುವವರಲ್ಲಿ ಶೇ. 3.5, ಓಡದೆ ಕೂತವರಲ್ಲಿ ಶೇ. 10.2, ಸ್ಪರ್ಧೆಗಾಗಿ ಓಡುವವರಲ್ಲಿ ಶೇ. 13.3 ಜನರಿಗೆ ಈ ಕಾಯಿಲೆ ಕಂಡಿತು. ಎರಡು ತುದಿಯೂ ಕೀಲಿಗೆ ಒಗ್ಗದು ಎಂದಷ್ಟೇ ಇದರಿಂದ ಹೇಳಬಹುದು. ನಲವತ್ತೈದು ವರ್ಷ ಓಡದವರು ನಾಳೆಯಿಂದ ಮ್ಯಾರಥಾನಿಗೆ ಹೊರಡಬೇಕೆಂದಲ್ಲ.

ನೋವಿನ ಮೂಲವೂ ಜನ ತಿಳಿದಿರುವಲ್ಲಿ ಇಲ್ಲ. ಮೃದ್ವಸ್ಥಿಗೆ ನರಗಳೂ ಇಲ್ಲ, ಆದ್ದರಿಂದ ಅದು ನೋಯಲಾರದು. ನೋಯುವುದು ಅದರ ಅಡಿಯ ಮೂಳೆ, ಊದಿದ ಒಳಪೊರೆ, ಬಿಗಿದ ಕೀಲುಚೀಲ, ದಣಿದ ಸ್ನಾಯು. ನಿದ್ದೆಗೆಟ್ಟ ರಾತ್ರಿಯ ಮರುದಿನ ಅದೇ ಮಂಡಿ ಹೆಚ್ಚು ನೋಯುವುದು ಮೆದುಳೂ ಈ ಲೆಕ್ಕದಲ್ಲಿ ಸೇರಿರುವುದರಿಂದ. ಎಕ್ಸ್‌ರೇಯಲ್ಲಿ ಕಾಣುವ ಹಾನಿಯನ್ನು 0ಯಿಂದ 4ರವರೆಗೆ ಅಳೆಯುವ ಪದ್ಧತಿಯನ್ನು ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ರೂಪಿಸಿದರು; ಇಂದಿಗೂ ‘ಗ್ರೇಡ್ ತ್ರೀ’, ‘ಗ್ರೇಡ್ ಫೋರ್’ ಎಂದು ಚೀಟಿಯಲ್ಲಿ ಬರೆಯುವುದು ಅದನ್ನೇ. ಆದರೆ ಗ್ರೇಡಿಗೂ ನೋವಿಗೂ ಜೋಡಿ ಕೂಡುವುದಿಲ್ಲ. ನಾಲ್ಕನೇ ಗ್ರೇಡಿನವರು ಗದ್ದೆಯಲ್ಲಿ ನಿಂತು ಕೆಲಸ ಮಾಡುವುದುಂಟು, ಎರಡನೆಯದರವರು ಮೆಟ್ಟಿಲ ಮುಂದೆ ನಿಂತುಬಿಡುವುದೂ ಉಂಟು. ಎಂಆರ್‌ಐ ಇನ್ನೂ ದಾರಿ ತಪ್ಪಿಸಬಲ್ಲದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನವರ ಮಂಡಿಗಳನ್ನು ಸ್ಕ್ಯಾನ್ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಂಡಿಯೊಳಗಿನ ಮೆತ್ತೆಯಾದ ಮೆನಿಸ್ಕಸ್ ಹರಿದವರ ಪೈಕಿ ಶೇ. 61 ಜನರಿಗೆ ಹಿಂದಿನ ತಿಂಗಳಲ್ಲಿ ನೋವೇ ಇರಲಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಹೇಳುವುದೂ ಇದನ್ನೇ: ವಯಸ್ಸು 45 ದಾಟಿ, ಓಡಾಡಿದಾಗ ನೋವು ಬಂದು, ಬೆಳಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲವಾಗುವುದಾದರೆ ಕಾಯಿಲೆಯನ್ನು ಗುರುತಿಸಲು ಸ್ಕ್ಯಾನ್ ಬೇಕಿಲ್ಲ. ಮಂಡಿ ‘ಕಟಕಟ’ ಅನ್ನುವುದು, ‘ಆಯಿಲ್ ಕಮ್ಮಿಯಾಗಿದೆ’ ಅನ್ನುವುದು ಭಯದ ಭಾಷೆ. ನೋವಿಲ್ಲದ ಸದ್ದಿಗೆ ಚಿಕಿತ್ಸೆ ಇಲ್ಲ, ಬೇಕಾಗಿಯೂ ಇಲ್ಲ.

ಯಾರಿಗೆ, ಏಕೆ

ವಯಸ್ಸು, ಮುಟ್ಟು ನಿಂತ ನಂತರದ ಹೆಣ್ಣುದೇಹ, ತೂಕ, ಹಳೆಯ ಪೆಟ್ಟು, ಬಿಲ್ಲಿನಂತೆ ಬಾಗಿದ ಕಾಲು, ವಂಶ: ಇವು ಎಲ್ಲ ದೇಶಗಳಿಗೂ ಸಮಾನ. ಕುಕ್ಕರಗಾಲಿನ ವಿಚಾರ ಮಾತ್ರ ಏಷ್ಯಾದ್ದು. ಬೀಜಿಂಗ್‌ನ ಹಿರಿಯರ ಮೇಲೆ ನಡೆದ ಅಧ್ಯಯನದಲ್ಲಿ ಅಲ್ಲಿನ ಹೆಂಗಸರಿಗೆ ಅಮೆರಿಕದ ಬಿಳಿಯ ಹೆಂಗಸರಿಗಿಂತ ಮಂಡಿಯ ಅಸ್ಥಿಸಂಧಿವಾತ ಹೆಚ್ಚೆಂದು ಕಂಡಿತು. ಪ್ರಾಯದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತವರಿಗೆ ಅಪಾಯ ಹೆಚ್ಚೆಂದು 2004ರಲ್ಲಿ ಅದೇ ತಂಡ ಬರೆಯಿತು. ನಮ್ಮಲ್ಲಿ ಈಳಿಗೆಮಣೆಯ ಮುಂದೆ, ಒರಳಿನ ಮುಂದೆ, ಒಲೆಯ ಮುಂದೆ, ಬಟ್ಟೆಕಲ್ಲಿನ ಬಳಿ, ಕಳೆ ಕೀಳುವ ಹೊಲದಲ್ಲಿ ಮಂಡಿ ಮಡಿಸಿದ್ದು ಬಹುಪಾಲು ಹೆಂಗಸರೇ. ಊಟಕ್ಕೆ ಹದಿನೈದು ನಿಮಿಷ ಚಕ್ಕಳಮಕ್ಕಳ ಹಾಕಿದ್ದಕ್ಕೆ ಮಂಡಿ ಹಾಳಾಗಲಿಲ್ಲ. ಎಷ್ಟು ಹೊತ್ತು, ಎಷ್ಟು ವರ್ಷ, ಎಷ್ಟು ಭಾರ ಹೊತ್ತು ಎಂಬುದು ಪ್ರಶ್ನೆ.

ಮಂಡಿ ನೋವೆಲ್ಲ ಈ ಕಾಯಿಲೆಯಲ್ಲ. 2006ರಲ್ಲಿ ರಾಜ್ಯವನ್ನು ಮಲಗಿಸಿದ ಚಿಕೂನ್‌ಗುನ್ಯಾ ಜ್ವರ ಬಿಟ್ಟ ಮೇಲೂ ಕೀಲುಗಳನ್ನು ತಿಂಗಳುಗಟ್ಟಲೆ ಕಾಡುತ್ತದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಮೂಳೆ ಕೀಲುಗಳನ್ನು ಬಿಗಿಸಬಲ್ಲದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದು ಆ ಊರಿನ ಹೆಸರನ್ನೇ ಹೊತ್ತ ಕಾಯಿಲೆ ವಂಶಪಾರಂಪರ್ಯವಾದದ್ದು. ಅದು ಹೆಚ್ಚಾಗಿ ಸೊಂಟದ ಕೀಲನ್ನು ಹಿಡಿಯುತ್ತದೆ, ಚಿಕ್ಕ ವಯಸ್ಸಿನವರನ್ನೂ ಬಿಡುವುದಿಲ್ಲ. ಮಂಡಿ ಇದ್ದಕ್ಕಿದ್ದಂತೆ ಕೆಂಪಾಗಿ ಬಿಸಿಯೇರಿ ಊದಿದರೆ, ಜೊತೆಗೆ ಜ್ವರವಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಬೆಳಗಿನ ಬಿಗಿತ ಗಂಟೆಗಟ್ಟಲೆ ಬಿಡದಿದ್ದರೆ ಈ ಲೇಖನ ಬದಿಗಿಟ್ಟು ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಓಡಾಟವೇ ಚಿಕಿತ್ಸೆ

ಫಿಸಿಯೋಥೆರಪಿ ಕೋಣೆಗಳಲ್ಲಿ ಮೊದಲ ದಿನ ಹೇಳಿಕೊಡುವ ವ್ಯಾಯಾಮಕ್ಕೆ ಯಂತ್ರ ಬೇಡ, ಒಂದು ಟವೆಲ್ ಸಾಕು. ಮಂಚದ ಮೇಲೆ ಕಾಲು ಚಾಚಿ ಕೂತು, ಸುತ್ತಿದ ಟವೆಲ್ಲನ್ನು ಮಂಡಿಯ ಕೆಳಗಿಟ್ಟು, ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಿ ಐದು ಎಣಿಸುವವರೆಗೆ ಹಿಡಿದು ಬಿಡುವುದು. ಕೈಯನ್ನು ತೊಡೆಯ ಮೇಲಿಟ್ಟರೆ ಮಂಡಿಚಿಪ್ಪಿನ ಮೇಲ್ಗಡೆ ಸ್ನಾಯು ಗಟ್ಟಿಯಾಗುವುದು ತಿಳಿಯುತ್ತದೆ. ಅದು ಕ್ವಾಡ್ರಿಸೆಪ್ಸ್, ನೋಯುವ ಮಂಡಿಯಲ್ಲಿ ಮೊದಲು ಸೊರಗುವುದೂ, ಮಂಡಿಯ ಮೇಲಿನ ಪೆಟ್ಟನ್ನು ತಾನು ತಡೆದುಕೊಳ್ಳುವುದೂ ಅದೇ. ಹಲವರಿಗೆ ಮೊದಲ ದಿನ ಅದು ಅಲುಗುವುದೇ ಇಲ್ಲ; ಬದಲಿಗೆ ಪೃಷ್ಠ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ. ಮೂರು ನಾಲ್ಕು ದಿನದಲ್ಲಿ ಸ್ನಾಯುವಿಗೆ ನೆನಪು ಮರಳುತ್ತದೆ. ಮುಂದಿನ ಹಂತ, ಮಲಗಿ ಕಾಲನ್ನು ನೇರವಾಗಿ ಒಂದು ಗೇಣು ಎತ್ತಿ ಇಳಿಸುವುದು. ಅದಾದ ಮೇಲೆ ಕುರ್ಚಿ: ಕೈಯೂರದೆ ಎದ್ದು, ಅದಕ್ಕಿಂತ ನಿಧಾನವಾಗಿ ಕೂರುವುದು. ಎತ್ತರದ ಕುರ್ಚಿಯಿಂದ ಶುರುಮಾಡಿ ವಾರಗಳಲ್ಲಿ ತಗ್ಗಿನದಕ್ಕೆ ಬರಬಹುದು. ಪೃಷ್ಠದ ಸ್ನಾಯು, ಮೀನಖಂಡ, ಒಂಟಿಕಾಲಿನಲ್ಲಿ ನಿಲ್ಲುವ ಸಮತೋಲ ಇವೂ ಸೇರಬೇಕು.

ಎಷ್ಟು ನೋವಿನವರೆಗೆ ಮಾಡಬಹುದು ಎಂಬುದೇ ಎಲ್ಲರ ಪ್ರಶ್ನೆ. ನೋವೇ ಇರಬಾರದೆಂದು ಹಟ ಹಿಡಿದರೆ ಯಾರೂ ಶುರುಮಾಡುವ ಹಾಗಿಲ್ಲ. ಹತ್ತಕ್ಕೆ ಎರಡರವರೆಗಿನ ನೋವು ನಿಶ್ಚಿಂತೆಯದು, ಐದರವರೆಗಿನದು ಸಹ್ಯ, ಅದರ ಮೇಲಿನದು ಬೇಡ. ಮಾಡಿದ್ದರಿಂದ ಹೆಚ್ಚಿದ ನೋವು ಇಪ್ಪತ್ತನಾಲ್ಕು ಗಂಟೆಯೊಳಗೆ ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ವ್ಯಾಯಾಮ ಬಿಡುವುದಲ್ಲ, ಎಣಿಕೆ ಕಡಿಮೆ ಮಾಡುವುದು. ಡೆನ್ಮಾರ್ಕಿನಲ್ಲಿ ಇವಾ ರೂಸ್ ಮತ್ತು ಸೋರೆನ್ ಸ್ಕೌ 2013ರಲ್ಲಿ ಆರಂಭಿಸಿದ ‘ಗ್ಲಾಡ್’ ಕಾರ್ಯಕ್ರಮ ಹೆಚ್ಚುಕಡಿಮೆ ಇದೇ ತತ್ವದ ಮೇಲೆ ನಿಂತಿದೆ: ಎರಡು ತಿಳಿವಳಿಕೆಯ ತರಗತಿ, ಆರು ವಾರಗಳಲ್ಲಿ ಹನ್ನೆರಡು ವ್ಯಾಯಾಮದ ತರಗತಿ. ಅದೀಗ ಕೆನಡಾ, ಆಸ್ಟ್ರೇಲಿಯಾಗಳಿಗೂ ಹಬ್ಬಿದೆ. ನೋವಿನ ಮಾತ್ರೆಯಂತೆ ಅರ್ಧ ಗಂಟೆಯಲ್ಲಿ ಗುಣ ಕಾಣದಿರುವುದೇ ಈ ಚಿಕಿತ್ಸೆಯ ದೊಡ್ಡ ತೊಡಕು. ಆರರಿಂದ ಎಂಟು ವಾರ ಕಾಯುವ ತಾಳ್ಮೆ ಬೇಕು, ಬಿಟ್ಟರೆ ಗುಣವೂ ಬಿಡುತ್ತದೆ.

ನಡಿಗೆಗೆ ಹತ್ತು ಸಾವಿರ ಹೆಜ್ಜೆಯ ಗೀಳು ಬೇಕಿಲ್ಲ. ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ (2014) ದಿನಕ್ಕೆ ಸುಮಾರು 6,000 ಹೆಜ್ಜೆ ನಡೆಯುತ್ತಿದ್ದ ಮಂಡಿ ರೋಗಿಗಳು ಎರಡು ವರ್ಷದ ನಂತರವೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುವ ಸಾಧ್ಯತೆ ಹೆಚ್ಚಿತ್ತು. ಒಂದೇ ಉಸಿರಿಗೆ ನಡೆಯುವುದಕ್ಕಿಂತ ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಎಂದು ಒಡೆದುಕೊಳ್ಳುವುದು ಮಂಡಿಗೆ ಹಿತ. ಸೈಕಲ್, ಈಜು, ಎದೆಮಟ್ಟದ ನೀರಿನಲ್ಲಿ ನಡೆಯುವುದು ನೋವು ಜಾಸ್ತಿಯಿರುವವರಿಗೆ ಒಳ್ಳೆಯ ಆರಂಭ.

ಮೆಟ್ಟಿಲ ಗಣಿತ

ಮಂಡಿಯ ಮೇಲೆ ನಿಜವಾಗಿ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಬರ್ಲಿನ್ನಿನ ಶಾರಿಟೆ ಆಸ್ಪತ್ರೆಯ ಸಂಶೋಧಕರು ಕೃತಕ ಮಂಡಿಯೊಳಗೇ ಅಳತೆ ಉಪಕರಣ ಕೂರಿಸಿ ತಿಳಿದರು. 2010ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಸಮತಟ್ಟು ನೆಲದಲ್ಲಿ ನಡೆಯುವಾಗ ದೇಹತೂಕದ 2.6 ಪಟ್ಟು, ಮೆಟ್ಟಿಲು ಹತ್ತುವಾಗ 3.2 ಪಟ್ಟು, ಇಳಿಯುವಾಗ 3.5 ಪಟ್ಟು. ಎಪ್ಪತ್ತು ಕಿಲೋ ತೂಕದವರು ಚಾಮುಂಡಿ ಬೆಟ್ಟದ ಒಂದು ಮೆಟ್ಟಿಲಿಳಿದರೆ ಮಂಡಿಯ ಮೇಲೆ ಹತ್ತಿರ ಹತ್ತಿರ 240 ಕಿಲೋ. ಅಲ್ಲಿ ಸಾವಿರ ಮೆಟ್ಟಿಲಿವೆ. ಹತ್ತಿದ್ದಕ್ಕಿಂತ ಇಳಿದದ್ದೇ ನೋವಾಯಿತೆಂದು ಜನ ಹೇಳುವುದು ಸುಳ್ಳಲ್ಲ. ಹರಕೆಯಿದ್ದವರು ಹತ್ತಿ ಹೋಗಿ ಬಸ್ಸಿನಲ್ಲಿ ಇಳಿಯಬಹುದು, ದೇವಿ ಬೇಸರಪಡಲಾರಳು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಬಸ್ಸಿಲ್ಲ, ಡೋಲಿಯಿದೆ.

ಬೇರೆ ದಾರಿಯಿಲ್ಲದ ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು, ಕೈ ಯಾವಾಗಲೂ ಕಂಬಿಯ ಮೇಲೆ. ಊರುಗೋಲನ್ನು ನೋಯುವ ಕಾಲಿನ ಕಡೆ ಹಿಡಿಯುವುದು ಸಾಮಾನ್ಯ ತಪ್ಪು. ಅದು ಎದುರು ಕೈಯಲ್ಲಿರಬೇಕು, ನೋಯುವ ಕಾಲಿನೊಂದಿಗೇ ಮುಂದೆ ಹೋಗಬೇಕು. ಕೋಲಿನ ತುದಿಗೆ ರಬ್ಬರು, ಹಿಡಿ ಮಣಿಕಟ್ಟಿನ ಮಟ್ಟಕ್ಕೆ. ಮೊಮ್ಮಗಳ ಮದುವೆಗೆ ಕೋಲು ಹಿಡಿದು ಹೋಗಲು ನಾಚಿ ಮನೆಯಲ್ಲೇ ಉಳಿದವರನ್ನು ಎಲ್ಲರೂ ಕಂಡಿದ್ದೇವೆ; ನಾಚಿಕೆಯಿಂದ ನಿಂತ ಓಡಾಟವೂ ನಿಂತದ್ದೇ.

ಇದೇ ಗುಣಾಕಾರ ತೂಕ ಇಳಿಸಿದವರ ಪರವಾಗಿಯೂ ಕೆಲಸ ಮಾಡುತ್ತದೆ. ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು ಸ್ಟೀಫನ್ ಮೆಸಿಯರ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ಅದೇ ತಂಡ 454 ಜನರನ್ನು ಹದಿನೆಂಟು ತಿಂಗಳು ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಥ್ಯ ಮಾತ್ರ ಅಥವಾ ವ್ಯಾಯಾಮ ಮಾತ್ರ ಮಾಡಿದವರಿಗಿಂತ ಎರಡನ್ನೂ ಮಾಡಿದವರ ನೋವು ಹೆಚ್ಚು ತಗ್ಗಿತು. ತೂಕ ಇಳಿಸುವ ಸೆಮಾಗ್ಲೂಟೈಡ್ ಚುಚ್ಚುಮದ್ದನ್ನು 407 ಸ್ಥೂಲಕಾಯದ ಮಂಡಿ ರೋಗಿಗಳ ಮೇಲೆ ಪರೀಕ್ಷಿಸಿದ 2024ರ ಪ್ರಯೋಗದಲ್ಲೂ ನೋವು ಗಣನೀಯವಾಗಿ ಇಳಿಯಿತು. ನಮ್ಮ ತಟ್ಟೆಯ ಮಟ್ಟಿಗೆ ಹೇಳುವುದಾದರೆ, ಎರಡನೇ ಸಲ ಬಡಿಸುವ ಅನ್ನ ಮತ್ತು ದಿನಕ್ಕೆ ನಾಲ್ಕು ಸಲದ ಸಕ್ಕರೆ ಕಾಫಿಯಿಂದ ಶುರುಮಾಡಬಹುದು. ಮುದ್ದೆ ತಿಂದರೆ ತೂಕ ಇಳಿಯುತ್ತದೆಂಬುದು ಮುದ್ದೆಯ ಗಾತ್ರ ನೋಡಿ ಹೇಳಬೇಕಾದ ಮಾತು.

ಮನೆಯಲ್ಲಿ ಬದಲಿಸಬಹುದಾದವು ಅಗ್ಗ. ಈಳಿಗೆಮಣೆಯನ್ನು ಕಟ್ಟೆಯ ಮೇಲಕ್ಕೆ ಏರಿಸುವುದು ಅಥವಾ ಚಾಕು ಹಿಡಿಯುವುದು, ಮಂಚದ ಕಾಲಿಗೆ ಮರದ ತುಂಡು ಕೊಡುವುದು, ನೆಲಮಟ್ಟದ ಕಕ್ಕಸಿನ ಮೇಲೆ ಇಡುವ ಕಮೋಡ್ ಕುರ್ಚಿ, ಗೋಡೆಗೊಂದು ಕಂಬಿ.

ಯೋಗವನ್ನು ವಿದೇಶಿ ಮಾರ್ಗಸೂಚಿಗಳೂ ಈಗ ಒಪ್ಪುತ್ತವೆ; ಅಮೆರಿಕದ ರುಮಟಾಲಜಿ ಕಾಲೇಜಿನ 2019ರ ಮಾರ್ಗಸೂಚಿ ಚೀನಾದ ತಾಯ್‌ ಚಿಯನ್ನು ಬಲವಾಗಿಯೂ ಯೋಗವನ್ನು ಷರತ್ತಿನೊಂದಿಗೂ ಶಿಫಾರಸು ಮಾಡಿತು. ಬೆಂಗಳೂರಿನಲ್ಲಿ 250 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಯೋಗ ಮಾಡಿದವರ ನೋವು, ಬೆಳಗಿನ ಬಿಗಿತ ಮಾಮೂಲಿ ವ್ಯಾಯಾಮದವರಿಗಿಂತ ಹೆಚ್ಚು ಇಳಿಯಿತು, ಆದರೆ ಅದು ಮೂರು ತಿಂಗಳ ಲೆಕ್ಕ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರರು ಕುರ್ಚಿ, ಪಟ್ಟಿ, ಮರದ ದಿಮ್ಮಿಗಳನ್ನು ಆಸನಕ್ಕೆ ಆಸರೆಯಾಗಿ ತಂದದ್ದು ಬಾಗದ ಕೀಲಿನವರಿಗೆ ದೊಡ್ಡ ಉಪಕಾರ. ನೋಯುವ ಮಂಡಿಯವರು ವಜ್ರಾಸನ, ಪದ್ಮಾಸನಗಳನ್ನು ಬದಿಗಿಟ್ಟು ವೀರಭದ್ರಾಸನವನ್ನು ಕುರ್ಚಿ ಹಿಡಿದು ಮಾಡಬಹುದು. ಊಟದ ನಂತರ ಎಲ್ಲರೂ ವಜ್ರಾಸನದಲ್ಲಿ ಕೂರಬೇಕೆಂಬ ಶಿಬಿರದ ಶಿಸ್ತು ಇವರಿಗಲ್ಲ.

ಮದ್ದು, ಮುಲಾಮು, ಸೂಜಿ

ಔಷಧಿಯ ಕೆಲಸ ಇಲ್ಲಿ ಓಡಾಡಲು ಅವಕಾಶ ಮಾಡಿಕೊಡುವುದು. ಮೊದಲ ಆಯ್ಕೆ ಡೈಕ್ಲೋಫೆನಾಕ್‌ನಂಥ ಜೆಲ್. ಮಂಡಿ ಚರ್ಮಕ್ಕೆ ಹತ್ತಿರವಿರುವ ಕೀಲಾದ್ದರಿಂದ ಹಚ್ಚಿದ್ದು ತಲುಪುತ್ತದೆ. ಒಂದು ಸಲ ಸವರಿ ಬಿಟ್ಟರೆ ಸಾಲದು, ದಿನಕ್ಕೆ ಮೂರು ನಾಲ್ಕು ಸಲದಂತೆ ಎರಡು ವಾರ ನೋಡಬೇಕು. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಮುಲಾಮೂ ಕೆಲವರಿಗೆ ಕೆಲಸ ಮಾಡುತ್ತದೆ. ಹಚ್ಚಿದ ಕೈಯಿಂದ ಕಣ್ಣು ಮುಟ್ಟಿಕೊಂಡವರಿಗೆ ಮಂಡಿ ನೋವು ತಾತ್ಕಾಲಿಕವಾಗಿ ಮರೆತೇಹೋಗುತ್ತದೆ. (ಬ್ಯಾಡಗಿ ಮೆಣಸಿನಕಾಯಿ ಅರೆದು ಹಚ್ಚಿ ಪ್ರಯೋಜನವಿಲ್ಲ, ಅದರ ಹೆಸರಿರುವುದು ಬಣ್ಣಕ್ಕೆ, ಖಾರಕ್ಕಲ್ಲ.) ಐಬುಪ್ರೊಫೇನ್, ಡೈಕ್ಲೋಫೆನಾಕ್ ಮಾತ್ರೆಗಳು ನೋವಿಗೆ ಪರಿಣಾಮಕಾರಿ, ಆದರೆ ಹೊಟ್ಟೆಯ ಹುಣ್ಣು, ಮೂತ್ರಪಿಂಡ, ರಕ್ತದೊತ್ತಡ, ಹೃದಯ ಈ ನಾಲ್ಕೂ ಕಡೆ ಬೆಲೆ ಕೇಳುತ್ತವೆ. ಅಂಗಡಿಯಿಂದ ಹತ್ತರ ಸ್ಟ್ರಿಪ್ ತಂದು ವರ್ಷಗಟ್ಟಲೆ ನುಂಗುವ ಅಭ್ಯಾಸವೇ ನಮ್ಮಲ್ಲಿನ ಅಪಾಯ. ಪ್ಯಾರಾಸಿಟಮಾಲ್ ನಿರುಪದ್ರವಿ ಎಂದು ಹೆಸರಾದರೂ ಈ ನೋವಿಗೆ ಅದರ ಗುಣ ತೀರ ಅಲ್ಪ. ನೈಸ್ ಅದನ್ನು ನಿತ್ಯದ ಮದ್ದಾಗಿ ಶಿಫಾರಸು ಮಾಡುವುದಿಲ್ಲ. ಗ್ಲೂಕೋಸಮೈನ್ ಡಬ್ಬಿಗಳ ಹಿಂದೆ 1,583 ಜನರ ಮೇಲಿನ 2006ರ ಅಮೆರಿಕದ ಪ್ರಯೋಗವಿದೆ, ಅದರಲ್ಲಿ ಒಟ್ಟಾರೆ ನೋವಿನ ಮೇಲೆ ಸಕ್ಕರೆ ಗುಳಿಗೆಗಿಂತ ಹೆಚ್ಚಿನ ಗುಣ ಕಾಣಲಿಲ್ಲ.

ಆಯುರ್ವೇದ ಇದನ್ನು ಸಂಧಿಗತ ವಾತ ಎಂದು ವಿವರಿಸುತ್ತದೆ. ಮಂಡಿಯ ಸುತ್ತ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ತೈಲ ತುಂಬಿಸಿ ನಿಲ್ಲಿಸುವ ಜಾನುಬಸ್ತಿ ಪ್ರಸಿದ್ಧ. ಶಾಖದಿಂದ ಬಿಗಿತ ಸಡಿಲವಾಗುವುದು ಎಲ್ಲರ ಅನುಭವ. ಆ ಸಡಿಲವನ್ನು ನಡಿಗೆಗೆ ಬಳಸಿಕೊಂಡರೆ ಲಾಭ. ಎರಡೇ ದಿನದಲ್ಲಿ ನೋವು ಮಾಯ ಮಾಡುವ ಹೆಸರಿಲ್ಲದ ಪುಡಿಗಳ ವಿಷಯ ಬೇರೆ, ಅವುಗಳಲ್ಲಿ ಸ್ಟಿರಾಯ್ಡ್ ಬೆರೆತಿರುವ ಸಂಭವವಿದೆ.

ಸ್ಟಿರಾಯ್ಡ್ ಸೂಜಿ ಕೆಲವು ವಾರ ಆರಾಮ ಕೊಡುತ್ತದೆ. ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಕೊಟ್ಟು ನೋಡಿದ 2017ರ ಪ್ರಯೋಗದಲ್ಲಿ ಉಪ್ಪುನೀರಿನ ಸೂಜಿಗಿಂತ ನೋವು ಕಡಿಮೆಯಾಗಲಿಲ್ಲ, ಮೃದ್ವಸ್ಥಿ ಮಾತ್ರ ಹೆಚ್ಚು ತೆಳುವಾಯಿತು. 2020ರಲ್ಲಿ 156 ಜನರ ಮೇಲೆ ಪ್ರಕಟವಾದ ಮತ್ತೊಂದರಲ್ಲಿ ಒಂದು ವರ್ಷದ ಕೊನೆಗೆ ಸೂಜಿಯವರಿಗಿಂತ ಫಿಸಿಯೋಥೆರಪಿಯವರೇ ಮೇಲಾಗಿದ್ದರು.

ಶಸ್ತ್ರಚಿಕಿತ್ಸೆ

ದುರ್ಬೀನು ತೂರಿಸಿ ಕೀಲನ್ನು ತೊಳೆದು ಕೆರೆಯುವ ಆರ್ಥ್ರೋಸ್ಕೋಪಿ ಒಂದು ಕಾಲದಲ್ಲಿ ಬಲು ಜನಪ್ರಿಯವಾಗಿತ್ತು. ಹ್ಯೂಸ್ಟನ್ನಿನಲ್ಲಿ ಬ್ರೂಸ್ ಮೋಸ್ಲಿ 180 ರೋಗಿಗಳಲ್ಲಿ ಕೆಲವರಿಗೆ ನಿಜವಾಗಿ ಮಾಡಿ, ಕೆಲವರಿಗೆ ಚರ್ಮವನ್ನಷ್ಟೇ ಕೊಯ್ದು ಹೊಲಿದು, ಇಬ್ಬರಿಗೂ ಆದ ಗುಣ ಒಂದೇ ಎಂದು 2002ರಲ್ಲಿ ತೋರಿಸಿದ ಮೇಲೆ ಅದರ ಮಾನ ಇಳಿಯಿತು.

ಮಂಡಿ ಬದಲಾವಣೆಯ ಕಥೆ ಬೇರೆ. 1890ರಲ್ಲಿ ಬರ್ಲಿನ್ನಿನ ಥೆಮಿಸ್ಟೊಕ್ಲಿಸ್ ಗ್ಲುಕ್ ಕ್ಷಯದಿಂದ ಹಾಳಾದ ಕೀಲಿಗೆ ಆನೆದಂತದ ತಿರುಗಣಿ ಕೂರಿಸಿದ, ಅದು ನಿಲ್ಲಲಿಲ್ಲ. ಇಂದಿನ ಮಾದರಿಗಳ ಹಿರಿಯ 1970ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಇನ್ಸಾಲ್, ಚಿತ್ತರಂಜನ್ ರಾನಾವತ್ ಮೊದಲಾದವರು ರೂಪಿಸಿದ ಟೋಟಲ್ ಕಾಂಡೈಲರ್ ಮಂಡಿ. ಪ್ರಧಾನಿ ಅಟಲ ಬಿಹಾರಿ ವಾಜಪೇಯಿಯವರಿಗೆ 2000ದಲ್ಲಿ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಎಡ ಮಂಡಿ ಬದಲಿಸಿದ್ದು ಇದೇ ರಾನಾವತ್; ಹಳ್ಳಿಯ ಹೋಟೆಲಿನಲ್ಲೂ ಈ ಶಸ್ತ್ರಚಿಕಿತ್ಸೆಯ ಮಾತು ಶುರುವಾದದ್ದು ಆಗಿನಿಂದ ಎನ್ನಬಹುದು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗೆ ಬೆಲೆಮಿತಿ ಹಾಕಿ, ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಮಾದರಿಯನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಿತು. ಹಾಕಿಸಿದ ಮಂಡಿಗಳಲ್ಲಿ ಶೇ. 82ರಷ್ಟು 25 ವರ್ಷ ಬಾಳುತ್ತವೆಂದು 2019ರ ವಿಶ್ಲೇಷಣೆಯೊಂದು ಅಂದಾಜು ಮಾಡಿದೆ.

ಯಾವಾಗ ಮಾಡಿಸಬೇಕೆಂಬುದನ್ನು ಎಕ್ಸ್‌ರೇ ತೀರ್ಮಾನಿಸಬಾರದು. ರಾತ್ರಿಯ ನಿದ್ದೆ ಕೆಡುವಷ್ಟು ನೋವು, ತಿಂಗಳುಗಟ್ಟಲೆ ಸರಿಯಾಗಿ ಮಾಡಿದ ವ್ಯಾಯಾಮಕ್ಕೂ ಬಗ್ಗದ ನೋವು ಇದ್ದರೆ ತಡಮಾಡುವುದರಲ್ಲಿ ಅರ್ಥವಿಲ್ಲ. ಸ್ಕೌ ಮತ್ತು ಸಂಗಡಿಗರ 2015ರ ಪ್ರಯೋಗದಲ್ಲಿ 100 ರೋಗಿಗಳಲ್ಲಿ ಅರ್ಧ ಜನರಿಗೆ ಮಂಡಿ ಬದಲಿಸಿ ವ್ಯಾಯಾಮ, ಇನ್ನರ್ಧಕ್ಕೆ ವ್ಯಾಯಾಮ ಮೊದಲಾದವು ಮಾತ್ರ. ಬದಲಿಸಿದವರ ನೋವು ಹೆಚ್ಚು ಇಳಿಯಿತು, ಗಂಭೀರ ತೊಂದರೆಗಳೂ ಅವರಲ್ಲೇ ಹೆಚ್ಚು. ಎರಡನೆಯ ಗುಂಪಿನಲ್ಲಿ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆ ಬೇಕೆಂದವರು ನಾಲ್ಕನೇ ಒಂದು ಭಾಗ ಮಾತ್ರ.

ಹೊಸ ಮಂಡಿಯವರನ್ನು ಅಂದು ಅಥವಾ ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಅದಕ್ಕೂ ಮೊದಲು, ಪಟ್ಟಿ ಸುತ್ತಿದ ಕಾಲು ಮಂಚದ ಮೇಲಿರುವಾಗಲೇ ಫಿಸಿಯೋಥೆರಪಿಸ್ಟ್ ಸುತ್ತಿದ ಟವೆಲ್ಲೊಂದನ್ನು ಮಂಡಿಯ ಕೆಳಗಿಟ್ಟು ‘ಒತ್ತಿ, ಐದು ಎಣಿಸಿ’ ಅನ್ನುತ್ತಾರೆ.